ನಳಿಗೆ ಹಿಡಿದ ಸೋದರತ್ತೆ

ಒಂದು ವಸ್ತುವನ್ನು ಕೈಗೆತ್ತಿಕೊಂಡರೆ ಕೆಲವರಿಗೆ ಅದರ ಬಣ್ಣ ಕಾಣುತ್ತದೆ, ಕೆಲವರಿಗೆ ಬೆಲೆ ಕಾಣುತ್ತದೆ. ನನಗೆ ಮೊದಲು ಕಾಣುವುದು ಅದರ ಐಬು. ಇದು ಸ್ವಭಾವವೋ ಕಸುಬೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ಕಸುಬು ಎಂದು ನಾನು, ಸ್ವಭಾವ ಎಂದು ನನ್ನ ಗಂಡ. ಸೊಲ್ಲಾಪುರದ ಒಂದು ಟವೆಲ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ, ಟ್ಯೂಬ್‌ಲೈಟಿನ ಕೆಳಗಿನ ಮೇಜಿನ ಮುಂದೆ ನಿಂತೇ ನನ್ನ ಅರ್ಧ ಆಯುಷ್ಯ ಕಳೆದಿದೆ. ನೇಯ್ದು, ತೊಳೆದು, ಹೊಲಿದು ಬಂದ ಟವೆಲ್ಲನ್ನು ಹರವುವುದು, ಮುಂದೆ ನೋಡುವುದು, ಹಿಂದೆ ನೋಡುವುದು, ನಾಲ್ಕೂ ಅಂಚು ಎಳೆದು ನೋಡುವುದು, ಎಳೆ ಬಿಟ್ಟಿದ್ದರೆ ಅಥವಾ ಎಣ್ಣೆಯ ಕಲೆ ಬಿದ್ದಿದ್ದರೆ ಅಲ್ಲಿಗೊಂದು ಕೆಂಪು ಸ್ಟಿಕರ್ ಅಂಟಿಸಿ ಪಕ್ಕಕ್ಕೆ ಎಸೆಯುವುದು, ಇದಿಷ್ಟೇ ಕೆಲಸ. ಹೀಗೆ ಎಸೆದ ಮಾಲಿಗೆ ಸೆಕೆಂಡ್ಸ್ ಎನ್ನುತ್ತಾರೆ. ಅದನ್ನು ಸುಡುವುದಿಲ್ಲ, ಹರಿಯುವುದಿಲ್ಲ. ಕೆಲಸದವರೇ ಅಗ್ಗಕ್ಕೆ ಮನೆಗೆ ಒಯ್ಯುತ್ತೇವೆ. ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ ಮೈ ಒರೆಸುವುದರಿಂದ ಹಿಡಿದು ಒಲೆಯ ಕಟ್ಟೆ ಒರೆಸುವವರೆಗೆ ಎಲ್ಲವೂ ನಾನೇ ತಿರಸ್ಕರಿಸಿದ ಟವೆಲ್ಲುಗಳು. ಬಹಳ ವರ್ಷ ಬಾಳಿಕೆ ಬರುತ್ತವೆ, ಪಾಪ.

ಕಾರ್ಖಾನೆಯ ಕಣ್ಣನ್ನು ಕಾರ್ಖಾನೆಯಲ್ಲೇ ಬಿಟ್ಟು ಬರಲು ಆಗುವುದಿಲ್ಲ. ಲಗ್ನಕ್ಕೆ ಹೋದರೆ ಮದುಮಗಳ ಮುಖಕ್ಕಿಂತ ಮೊದಲು ಆಕೆಯ ಸೀರೆಯ ಫಾಲ್ ಹೊಲಿಗೆ ಕಾಣುತ್ತದೆ. ರೊಟ್ಟಿ ಬಡಿದರೆ ಎರಡೂ ಬದಿ ಬೆಳಕಿಗೆ ಹಿಡಿದು ನೋಡಿಯೇ ಬುಟ್ಟಿಗೆ ಹಾಕುತ್ತೇನೆ. ಲಗ್ನವಾದ ಹೊಸತರಲ್ಲಿ ನಮ್ಮವರು ಎದುರು ಕೂತಾಗಲೂ ಹೀಗೇ ದಿಟ್ಟಿಸುತ್ತಿದ್ದೆನಂತೆ. “ನಾ ಪಾಸಾಗೀನೋ ಇಲ್ಲೋ ಅನ್ನೂದು ನಂಗ ಇನ್ನೂ ಗೊತ್ತಾಗಿಲ್ಲ ನೋಡ್ರಿ,” ಎಂದು ಅವರು ಇವತ್ತಿಗೂ ಬಂದವರೆದುರು ದೂರು ಹೇಳುತ್ತಾರೆ. ನಾನೂ ಇನ್ನೂ ಹೇಳಿಲ್ಲ. ಗಂಡಸರನ್ನು ಒಮ್ಮೆಲೇ ಪಾಸು ಮಾಡಿಬಿಟ್ಟರೆ ಆಮೇಲೆ ಹಾಸಿಗೆ ಮಡಚುವುದನ್ನೂ ಬಿಟ್ಟುಬಿಡುತ್ತಾರೆ.

ನಮ್ಮ ವಿಭಾಗದ ಇನ್ನೊಂದು ಶಿಸ್ತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಒಳಗೆ ಕಾಲಿಡುವ ಮೊದಲು ಹೆಣ್ಣುಮಕ್ಕಳು ಸೀರೆಯ ಪಿನ್ನು, ತಲೆಯ ಕ್ಲಿಪ್ಪು, ಬಳೆ, ಉಂಗುರ, ಸರ ಎಲ್ಲವನ್ನೂ ತೆಗೆದು ಬಾಗಿಲ ಹೊರಗಿನ ಡಬ್ಬಿಯಲ್ಲಿಡಬೇಕು. ತಾಳಿಯನ್ನು ರವಿಕೆಯೊಳಗೆ ಸೇರಿಸಿ ಮೇಲೆ ಏಪ್ರನ್ ಬಿಗಿಯಬೇಕು. ಯಾವುದೋ ದೇಶದ ಯಾರೋ ಪುಣ್ಯಾತ್ಮ ಜಳಕ ಮಾಡಿ ಮೈ ಒರೆಸಿಕೊಳ್ಳುವಾಗ ಅವನಿಗೆ ಸೊಲ್ಲಾಪುರದ ಪಿನ್ನು ಚುಚ್ಚಬಾರದಲ್ಲ! ಈ ನಿಯಮವನ್ನು ನಾನು ಎಂದೂ ತಪ್ಪಿಸಿದವಳಲ್ಲ. ಹೊಸದಾಗಿ ಸೇರಿದ ಹುಡುಗಿಯರು ಕಿವಿಯ ಓಲೆ ತೆಗೆಯಲು ಮುಖ ಊದಿಸಿಕೊಂಡರೆ ಗದರಿಸುವವಳೂ ನಾನೇ.

ಇಂಥ ನನಗೆ ಸೋದರತ್ತೆಯಾಗುವ ಯೋಗ ಬಂತು. ನನ್ನ ತಮ್ಮ ಮಲ್ಲಿನಾಥ ನಮ್ಮ ಹಿಂದಿನ ಓಣಿಯಲ್ಲೇ ಇದ್ದಾನೆ. ಅವನ ಹೆಂಡತಿ ಕವಿತಾ ಅಕ್ಕಲಕೋಟೆಯವಳು. ಲಗ್ನವಾಗಿ ಬಹಳ ವರ್ಷ ಕಾದ ಮೇಲೆ ಅವರಿಗೊಂದು ಗಂಡುಕೂಸು ಹುಟ್ಟಿತು, ಅದೂ ದಿನ ತುಂಬುವ ಮೊದಲೇ ಗಡಬಡಿಸಿಕೊಂಡು. ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಅಂಗೈಯಷ್ಟಿದ್ದ ಅದನ್ನು ಹೊರಗೆ ನಿಂತು ನೋಡುವಾಗ ನನಗೆ ಜೀವಮಾನದಲ್ಲಿ ಮೊದಲ ಸಲ ಐಬು ಹುಡುಕುವುದು ಮರೆತುಹೋಯಿತು. ಬದುಕಿಕೊಳ್ಳೋ ಯಪ್ಪಾ, ಹ್ಯಾಂಗಿದ್ದರೂ ನಡೀತದ, ಬದುಕಿಕೋ ಎಂದಷ್ಟೇ ಬೇಡಿಕೊಳ್ಳುತ್ತ ನಿಂತಿದ್ದೆ. ಕೂಸು ಗೆದ್ದಿತು. ತಾಯಿಯ ತವರಾದ ಅಕ್ಕಲಕೋಟೆಗೆ ಹೋಗಿ ಹಾಲು ಕುಡಿದು ಗುಂಡಗಾಯಿತು. ಬಾರಸೆಯನ್ನು, ಅಂದರೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯವನ್ನು, ಕೂಸಿನ ಮೈಗೆ ಬಲ ಬರಲಿ ಎಂದು ಮುಂದೆ ಹಾಕುತ್ತ ಹೋದರು. ಹೀಗಾಗಿ ಕೊನೆಗೊಮ್ಮೆ ಮುಹೂರ್ತ ಗೊತ್ತಾಗುವ ಹೊತ್ತಿಗೆ ಅದು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಒಯ್ಯುವಷ್ಟು ಶಾಣ್ಯಾ ಆಗಿತ್ತು.

ನಮ್ಮ ಕಡೆ ಬಾರಸೆಯಲ್ಲಿ ಸೋದರತ್ತೆಯದೇ ದರ್ಬಾರು. ಕೂಸಿಗೆ ಅಂಗಿ, ಆಟಿಗೆ, ತಲೆಯಿಂದ ಬೆನ್ನ ಮೇಲೆ ಇಳಿಬೀಳುವ ಕುಂಚಿಗೆ ಎಲ್ಲ ಅವಳೇ ತರಬೇಕು, ಕಿವಿಯಲ್ಲಿ ಹೆಸರನ್ನೂ ಅವಳೇ ಹೇಳಬೇಕು. ನಮ್ಮವ್ವ ಇಲ್ಲ; ನಮ್ಮ ಮನೆತನದ ಕಡೆಯಿಂದ ಹೋಗುವ ದೊಡ್ಡ ಹೆಣ್ಣು ನಾನೊಬ್ಬಳೇ. ಮಲ್ಲಿನಾಥ ಒಂದು ಸಂಜೆ ಬಂದು ನಮ್ಮ ಹೊಸ್ತಿಲ ಮೇಲೆ ಕೂತು, “ಅಕ್ಕಾ, ಕೂಸಿಗಿ ಏನ್ ತರೂದಿದ್ರೂ ನೀನ ನೋಡಿ ತಾರವಾ. ನಂಗ ಎಲ್ಲಾದಕ್ಕೂ ಅಂಜಿಕಿ ಬರ್ತದ. ನೀ ನೋಡಿದ ಸಾಮಾನಂದ್ರ ನಿಶ್ಚಿಂತಿ,” ಎಂದ. ಕಾರ್ಖಾನೆಯ ಮಾಲಕರು ಕೂಡ ನನಗೆ ಇಂಥ ಸರ್ಟಿಫಿಕೇಟು ಕೊಟ್ಟಿರಲಿಲ್ಲ. ಗಾಜಿನ ಪೆಟ್ಟಿಗೆಯಿಂದ ಗೆದ್ದು ಬಂದ ಕೂಸಿಗೆ ನಾನು ತಂದ ಸಾಮಾನಿನಿಂದ ಒಂದು ಗೀರು ಕೂಡ ಆಗಬಾರದು ಎಂದು ಅಲ್ಲೇ ಕೂತು ಹಟ ತೊಟ್ಟೆ.

ಅದಕ್ಕೆ ಸರಿಯಾಗಿ, ಕೂಸನ್ನು ತಪಾಸಣೆಗೆ ತೋರಿಸಲು ಸೊಲ್ಲಾಪುರಕ್ಕೆ ತಂದಾಗ ನಾನೂ ಜೊತೆಗೆ ಹೋಗಿದ್ದೆ. ಡಾಕ್ಟರರು ಕವಿತಾಗೆ ಒಂದು ಮಾತು ಹೇಳಿದರು. ಪಾಯಿಖಾನೆಯಲ್ಲಿ ನೇತುಹಾಕುವ ಕಾಗದದ ಸುರುಳಿಯೊಳಗೆ ರಟ್ಟಿನ ನಳಿಗೆ ಇರುತ್ತದಲ್ಲ, ಅದರಲ್ಲಿ ತೂರಿಹೋಗುವಂಥ ಯಾವ ಸಾಮಾನನ್ನೂ ಕೂಸಿನ ಕೈಗೆ ಕೊಡಬೇಡಿ, ಗಂಟಲಿಗೆ ಸಿಕ್ಕೀತು ಎಂದು. ಎಂಥ ಚೆಂದದ ತಪಾಸಣೆ! ಮಾತಿಲ್ಲ, ವಾದವಿಲ್ಲ, ತೂರಿದರೆ ಫೇಲು, ತೂರದಿದ್ದರೆ ಪಾಸು. ತೊಂದರೆ ಏನೆಂದರೆ ಆ ಸುರುಳಿಯನ್ನು ಎಲ್ಲಿಂದ ತರುವುದು? ನಮ್ಮ ಮನೆಯಲ್ಲಿ ಆ ಜಾಗದಲ್ಲಿ ಇರುವುದು ತಂಬಿಗೆ. ಓಣಿಯ ಯಾರ ಮನೆಯಲ್ಲೂ ತಂಬಿಗೆಯೇ. ಕೊನೆಗೆ ಕಾರ್ಖಾನೆಯಲ್ಲಿ ನೂಲು ಸುತ್ತಿ ಬರುವ ರಟ್ಟಿನ ನಳಿಗೆಗಳಲ್ಲಿ ಡಾಕ್ಟರರು ಬೆರಳಲ್ಲಿ ತೋರಿಸಿದ ಅಳತೆಗೆ ಹೊಂದುವ ಒಂದನ್ನು ಆರಿಸಿ, ಮೇಲ್ವಿಚಾರಕರ ಒಪ್ಪಿಗೆ ಕೇಳಿ, ಚೀಲದಲ್ಲಿ ಹಾಕಿಕೊಂಡು ಬಂದೆ. ಅವತ್ತಿನಿಂದ ನಾನು ನಳಿಗೆಯಿಲ್ಲದೆ ಮನೆ ಬಿಟ್ಟು ಹೊರಗೆ ಹೋಗಲಿಲ್ಲ.

ರವಿವಾರ ನಮ್ಮವರನ್ನು ಕರೆದುಕೊಂಡು ನವಿ ಪೇಟೆಗೆ ಹೋದೆ. ಆಟಿಗೆಯ ಅಂಗಡಿಯವನು ಮೊದಲು “ಯಾ ತಾಈ, ಬಸಾ,” ಎಂದು ಮರಾಠಿಯಲ್ಲಿ ಕರೆದು ಕೂರಿಸಿ ಉಪಚಾರ ಮಾಡಿದ. ನಮ್ಮಿಬ್ಬರ ಮಾತು ಕೇಳಿ ಕನ್ನಡಕ್ಕೆ ಇಳಿದ. ಅವನು ತೋರಿಸಿದ ಮೊದಲ ಗಿಲಕಿಯ ಹಿಡಿಕೆ ನನ್ನ ನಳಿಗೆಯಲ್ಲಿ ಸಲೀಸಾಗಿ ತೂರಿತು. ಎರಡನೆಯದು ತೂರಲಿಲ್ಲ, ಆದರೆ ಅಲ್ಲಾಡಿಸಿದಾಗ ಒಳಗಿನ ಕಾಳುಗಳ ಸದ್ದಿನಲ್ಲಿ ನನಗೆ ಭರವಸೆ ಹುಟ್ಟಲಿಲ್ಲ. ಮೂರನೆಯದರ ಕೆಂಪು ಬಣ್ಣದ ಮೇಲೆ ಅನುಮಾನ ಬಂತು. ಕಾರ್ಖಾನೆಯಲ್ಲಿ ಬಣ್ಣ ಬಿಡುತ್ತದೋ ಇಲ್ಲವೋ ನೋಡಲು ಬಿಳಿ ಬಟ್ಟೆಯನ್ನು ನೀರಲ್ಲಿ ಅದ್ದಿ ಉಜ್ಜುತ್ತೇವೆ. ಆದರೆ ಕೂಸು ಆಟಿಗೆಗೆ ನೀರು ಹಚ್ಚುವುದಿಲ್ಲವಲ್ಲ, ಜೊಲ್ಲು ಹಚ್ಚುತ್ತದೆ. ಪರೀಕ್ಷೆ ಅಂದಮೇಲೆ ಸರಿಯಾಗಿಯೇ ಆಗಬೇಕೆಂದು ಬಿಳಿ ಕರವಸ್ತ್ರದ ಮೂಲೆಯನ್ನು ಬಾಯಲ್ಲಿ ತೋಯಿಸಿ ಗಿಲಕಿಯ ಮೇಲೆ ಗಸಗಸ ಉಜ್ಜಿದೆ. “ಅವ್ವಾರ, ಅವ್ವಾರ! ರೊಕ್ಕಾ ಕೊಡೂಕಿಂತ ಮೊದ್ಲ ನೆಕ್ಕಬ್ಯಾಡ್ರಿ!” ಎಂದು ಅಂಗಡಿಯವನು ಕುರ್ಚಿಯಿಂದ ಎದ್ದು ನಿಂತ. ನಮ್ಮವರು ತಮಗೂ ನನಗೂ ಸಂಬಂಧವೇ ಇಲ್ಲದವರಂತೆ ಹೊರಗೆ ಹೋಗಿ ರಸ್ತೆಯಲ್ಲಿ ಹೋಗುವ ಆಟೋಗಳನ್ನು ನೋಡುತ್ತ ನಿಂತರು.

ಬಟ್ಟೆಯ ಕರಡಿಗೆ ಗುಂಡಿಯ ಕಣ್ಣುಗಳಿದ್ದವು. ಟವೆಲ್ಲಿನ ಅಂಚು ಎಳೆಯುವಂತೆ ಒಂದು ಕಣ್ಣನ್ನು ಸ್ವಲ್ಪವೇ ಎಳೆದೆ, ಕೈಗೆ ಬಂತು. “ತಾಈ, ಅದು ಆಡೂ ಸಾಮಾನ ಅದ, ಕುಸ್ತಿ ಹಿಡಿಯೂದಲ್ಲ,” ಎಂದ ಅಂಗಡಿಯವನು, ಒಕ್ಕಣ್ಣಿನ ಕರಡಿಯನ್ನು ಹಿಂದೆ ಮುಚ್ಚಿಡುತ್ತ. ಗಾಲಿಯ ವಾಕರ್ ತಂದಿಟ್ಟ. ನಮ್ಮ ತಮ್ಮನ ಮನೆಗೆ ಮೆಟ್ಟಿಲುಗಳಿವೆ, ಉರುಳಿ ಬಿದ್ದರೆ ಏನು ಗತಿ ಎಂದೆ. ಘಮಘಮಿಸುವ ಪೌಡರ್ ತಂದ. ಅದರ ಧೂಳು ಕೂಸಿನ ಉಸಿರಿಗೆ ಹೋಗುತ್ತದೆ ಎಂದೆ. ಡಬ್ಬಿಯ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಿದ್ದವು. ನನ್ನ ಚಷ್ಮಾ ಹಾಕಿ ನೋಡಿದೆ, ನಮ್ಮವರನ್ನು ಒಳಗೆ ಕರೆದು ಅವರ ಚಷ್ಮಾವನ್ನೂ ಇಸಿದುಕೊಂಡು ಅದರ ಮೇಲೆ ಹಿಡಿದು ನೋಡಿದೆ. ಅಂಗಡಿಯವನಿಗೆ ತಾಳ್ಮೆ ಮುಗಿಯಿತು. “ಒಂದು ಖರೇ ಮಾತು ಹೇಳ್ರಿ ಅವ್ವಾರ. ನಿಮ್ಮ ಕೂಸು ಏನರೆ ಆಡ್ತದೋ, ಇಲ್ಲಾ ಹಂಗ ಸುಮ್ನ ಕೂಡ್ತದೋ?” ಕೊನೆಗೆ ನಾನು ಆರಿಸಿದ್ದು ಬಣ್ಣವಿಲ್ಲದ, ಸದ್ದಿಲ್ಲದ, ಒಂದೇ ತುಂಡಿನ, ನುಣ್ಣಗೆ ಉಜ್ಜಿದ ಒಂದು ದೊಡ್ಡ ಮರದ ಉಂಗುರ. ನಮ್ಮವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಆಟಿಗಿಯೋ, ಕೊಡದ ಕೆಳಗ ಇಡೂ ಸಿಂಬಿಯೋ?” ಎಂದರು.

ಅಂಗಡಿಗಿಂತ ದೊಡ್ಡ ಕುಸ್ತಿ ನಡೆದದ್ದು ಫೋನಿನಲ್ಲಿ, ಕವಿತಾಳ ತಾಯಿ ಗಂಗೂಬಾಯಿಯವರ ಜೊತೆ. ಅವರು ಗಟ್ಟಿ ಹೆಂಗಸು, ಗಟ್ಟಿ ದನಿ. ಹೊಲ, ಮನೆ, ಎಮ್ಮೆ ಎಲ್ಲ ನಡೆಸಿದವರು. ಮೊಮ್ಮಗನಿಗೆ ಕನ್ನಡಿ, ಮಣಿ, ಜರಿ ಎಲ್ಲ ಇರುವ ಝಗಝಗಿಸುವ ಕುಂಚಿಗೆ ಬರುತ್ತದೆಂದು ಓಣಿಗೆಲ್ಲ ಹೇಳಿಟ್ಟಿದ್ದರು.

“ಮಾವಶಿ, ಕುಂಚಗಿಗಿ ಕನ್ನಡಿ, ಮಣಿ, ಲಾಡಿ ಏನೂ ಇರಂಗಿಲ್ಲರಿ,” ಎಂದೆ ನಾನು. “ಮಣಿ ಕಿತ್ತು ಬಾಯಾಗ ಹಾಕ್ಕೊಂಡ್ರ? ಲಾಡಿ ಕುತಗಿಗಿ ಸುತ್ತಿದ್ರ?”

“ಹಂಗಾರ ಕುಂಚಗಿ ಯಾತಕ್ಕ ಬೇಕ್ರಿ ಬಾಯಾರ? ತಲೀ ಮ್ಯಾಲ ಒಂದು ಕರವಸ್ತ್ರ ಹೊಚ್ಚೂಣು, ಮುಗೀತು!”

“ಮತ್ತ ಕಣ್ಣಿಗಿ ಕಾಡಗಿ ಹಚ್ಚಬ್ಯಾಡ್ರಿ. ಡಾಕ್ಟರ್ ಬ್ಯಾಡ ಅಂದಾರ.”

“ಅಯ್ಯ ಶಿವನ! ದೃಷ್ಟಿ ಆದ್ರ ನಿಮ್ಮ ಡಾಕ್ಟರ್ ಬಂದು ತಗೀತಾನೇನ್ರಿ? ಆತು, ಕಣ್ಣಿಗಿ ಬ್ಯಾಡ, ಅಂಗಾಲಿಗಿ ಒಂದು ಬೊಟ್ಟು ಇಡ್ತೀನಿ. ಅದಕ್ಕರೆ ಬಿಡ್ರಿ.”

“ಅಂವಾ ಈಗ ಅಂಗಾಲೂ ಬಾಯಿಗಿ ಒಯ್ಯಾಕತ್ಯಾನಲ್ಲರಿ ಮಾವಶಿ.”

ಗಂಗೂಬಾಯಿ ದನಿ ಏರಿಸಿ, “ಬಾಯಾರ, ನಾ ಹಡದ ಮಕ್ಕಳು ಇವನ್ನೆಲ್ಲಾ ಹಚ್ಕೊಂಡ, ತೊಟ್ಕೊಂಡ ಬೆಳದಾವ್ರಿ. ಅದ್ರಾಗ ಒಬ್ಬಾಕಿನ್ನ ನಿಮ್ಮ ತಮ್ಮಗ ಕೊಟ್ಟೀವಿ, ನೆನಪಿರ್ಲಿ,” ಎಂದು ಫೋನ್ ಇಟ್ಟರು. ಬಾರಸೆಯ ದಿನದವರೆಗೆ ನಾನು ಅವರಿಗೆ ಫೋನ್ ಮಾಡಿ ಉಪದೇಶ ಮಾಡುವುದನ್ನು ಬಿಡಲಿಲ್ಲ. ತೊಟ್ಟಿಲಿಗೆ ಬಟ್ಟೆಯ ಗಿಳಿಗಳನ್ನು ಕಟ್ಟಬೇಡಿ, ಮೆತ್ತನೆಯ ದಿಂಬು ಇಡಬೇಡಿ, ಧೂಪ ಹಾಕಬೇಡಿ. ಅವರು ಪ್ರತಿ ಸಲವೂ “ಹ್ಞೂಂ ಆತ್ರಿ” ಎನ್ನುತ್ತಿದ್ದರು. ಆ ಹ್ಞೂಂಕಾರಗಳೆಲ್ಲ ಎಲ್ಲಿಯೋ ಜಮೆಯಾಗುತ್ತಿವೆ ಎಂದು ನನಗೆ ಆಗ ಹೊಳೆಯಲಿಲ್ಲ.

ಇನ್ನೊಂದು ಮಾತು ಹೇಳದೆ ಹೋದರೆ ತಪ್ಪಾದೀತು. ಆ ರವಿವಾರ ಆಟಿಗೆಯ ಅಂಗಡಿಯಿಂದ ಹೊರಬಿದ್ದು ಬಸ್ ಸ್ಟಾಂಡಿನ ಕಡೆ ನಡೆಯುವಾಗ ಒಂದು ಅಂಗಡಿಯ ಬಾಗಿಲಲ್ಲಿ ನೇತುಹಾಕಿದ್ದ ಎರಡೆಳೆಯ ಮುತ್ತಿನ ಸರ ನನ್ನ ಕಣ್ಣಿಗೆ ಬಿತ್ತು. ಮುತ್ತೆಂದರೆ ನಿಜವಾದ ಮುತ್ತಲ್ಲ, ಆದರೆ ದೂರದಿಂದ ಯಾರಿಗೂ ಗೊತ್ತಾಗುವಂತಿರಲಿಲ್ಲ. ಸೋದರತ್ತೆ ಎಂದಮೇಲೆ ನಾಲ್ಕು ಮಂದಿ ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. ಕೊರಳಿಗೆ ಹಿಡಿದು ನೋಡಿದೆ, ಕನ್ನಡಿಯಲ್ಲಿ ನಕ್ಕೆ, ತೆಗೆದುಕೊಂಡೆ. “ಇದನ್ನ ನಳಗಿಯಾಗ ಹಾಕಿ ನೋಡಲಿಲ್ಲಲ್ಲ?” ಎಂದರು ನಮ್ಮವರು. “ನಿಮಗೇನ್ರಿ ಬುದ್ಧಿ ಬ್ಯಾಡೇನು? ಇದು ಕೂಸಿಗಲ್ಲ, ನನಗ,” ಎಂದು ಅವರ ಬಾಯಿ ಮುಚ್ಚಿಸಿದೆ. ದಾರದ ಗಂಟನ್ನು ಕೂಡ ಎಳೆದು ನೋಡಲಿಲ್ಲ. ಕರಡಿಯ ಕಣ್ಣು ಕಿತ್ತವಳು ನಾನೇ ಎಂದರೆ ಯಾರಾದರೂ ನಂಬುತ್ತಾರೆಯೇ?

ಬಾರಸೆಯ ಬೆಳಗ್ಗೆ ಅಕ್ಕಲಕೋಟೆಯ ಬಸ್ಸಿನಲ್ಲಿ ನಾನು ಇಳಕಲ್ ಸೀರೆ ಉಟ್ಟು, ಕೈತುಂಬ ಗಾಜಿನ ಬಳೆ ತೊಟ್ಟು, ಭುಜಕ್ಕೆ ಪಿನ್ನು, ತುರುಬಿಗೆ ಕ್ಲಿಪ್ಪು, ಕೊರಳಲ್ಲಿ ಎರಡೆಳೆಯ ಮುತ್ತಿನ ಸರ ಹಾಕಿಕೊಂಡು ಮದುಮಗಳಂತೆ ಕೂತಿದ್ದೆ. ಮಡಿಲಲ್ಲಿ ಕೂಸಿನ ಸಾಮಾನಿನ ಚೀಲ, ಚೀಲದಲ್ಲಿ ನಳಿಗೆ. ಬೀಗರ ಮನೆಯ ಅಂಗಳದಲ್ಲಿ ಮಂಟಪ ಹಾಕಿದ್ದರು, ಗುಗ್ಗರಿಯ ವಾಸನೆ ಬರುತ್ತಿತ್ತು, ಓಣಿಯ ಹೆಂಗಸರೆಲ್ಲ ನೆರೆದಿದ್ದರು. ನಾನು ಚೀಲದಿಂದ ಕುಂಚಿಗೆ ತೆಗೆದೆ. ತೆಳ್ಳನೆಯ ಮೆದು ಬಿಳಿ ಬಟ್ಟೆ, ಲಾಡಿಯಿಲ್ಲ, ಗುಂಡಿಯಿಲ್ಲ, ಹೊಲಿಗೆ ಹೊರಗಿನಿಂದ ಹಾಕಿಸಿದ್ದೆ, ಕೂಸಿಗೆ ಒತ್ತಬಾರದೆಂದು. ಗಂಗೂಬಾಯಿ ಅದನ್ನು ಎರಡು ಬೆರಳಲ್ಲಿ ಹಿಡಿದು ಎತ್ತಿ ಎಲ್ಲರಿಗೂ ಕಾಣುವಂತೆ ತೋರಿಸಿದರು. “ಇದೇನ್ರಿ ಬಾಯಾರ, ಅತ್ತಿ ತಂದ ಕುಂಚಗಿಯೋ, ಹಾಲ ಸೋಸೂ ಅರಿವಿಯೋ?” ಹೆಂಗಸರೆಲ್ಲ ಗೊಳ್ಳೆಂದರು. ನನಗೆ ಮೈಯೆಲ್ಲ ಉ‍ರಿದುಹೋಯಿತು. ಆದರೂ ಹಲ್ಲು ಕಚ್ಚಿ, ನಗ್ರಿ ನಗ್ರಿ, ಕೂಸು ಸುಖವಾಗಿದ್ದರೆ ಸಾಕು ಎಂದುಕೊಂಡು ಚೀಲದಿಂದ ಉಳಿದ ಸಾಮಾನು ತೆಗೆದಿಟ್ಟೆ.

ಗಂಗೂಬಾಯಿ ಸೋಲುವ ಪೈಕಿಯಲ್ಲ. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಮಸಾಲೆ ಅರೆಯುವ ಗುಂಡುಕಲ್ಲನ್ನು ಕೂಸಿನಂತೆ ಸಿಂಗರಿಸಿ ಮಲಗಿಸಿ ತೂಗುತ್ತಾರೆ. ಕೂಸು ಆ ಕಲ್ಲಿನಂತೆ ಗಟ್ಟಿಮುಟ್ಟಾಗಲಿ ಎಂದು. ಅವರು ತಾವೇ ಹೊಲಿಸಿಟ್ಟಿದ್ದ ಕನ್ನಡಿ, ಮಣಿ, ಜರಿಯ ಕುಂಚಿಗೆಯನ್ನು ಪೆಟ್ಟಿಗೆಯಿಂದ ತೆಗೆದು ಆ ಗುಂಡುಕಲ್ಲಿಗೆ ತೊಡಿಸಿದರು, ಕಾಡಿಗೆಯ ಬೊಟ್ಟನ್ನೂ ಇಟ್ಟರು. ಕಲ್ಲು ಝಗಝಗ ಹೊಳೆಯಿತು. ಬಾರಸೆಯ ಫೋಟೋಗಳಲ್ಲಿ ಇವತ್ತಿಗೂ ಎಲ್ಲರಿಗಿಂತ ಚೆಂದ ಕಾಣುವುದು ಆ ಕಲ್ಲೇ. ನಾನು ಮಾತ್ರ, ಕಲ್ಲನ್ನು ತೆಗೆದ ಮೇಲೆ ತೊಟ್ಟಿಲನ್ನು ಕೊಡವಿ, ಒಂದು ಜರಿಯ ಎಳೆಯೂ ಉಳಿದಿಲ್ಲವೆಂದು ಕೈಯಾಡಿಸಿ ನೋಡಿ, “ಈಗ ಹಾಕ್ರಿ,” ಎಂದೆ. ಮಲ್ಲಿನಾಥ ನನ್ನನ್ನು ನೋಡಿ ನಿಶ್ಚಿಂತೆಯಿಂದ ನಕ್ಕ.

ಕೂಸನ್ನು ಮಲಗಿಸಿದರು. ಹಾಲು ಸೋಸುವ ಅರಿವೆಯಲ್ಲಿ ಅದು ಬೆಣ್ಣೆಯ ಮುದ್ದೆಯಂತೆ ಕಾಣುತ್ತಿತ್ತು. ಈಗ ಹೆಸರು ಹೇಳುವ ಸರದಿ. ಸೋದರತ್ತೆ ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಬೇಕು. ಅವಳು ಕುರ್ರ್ ಅನ್ನುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಯಾಕೆಂದು ಯಾರಿಗೂ ಗೊತ್ತಿಲ್ಲ, ಆದರೆ ಈ ಒಂದು ಶಾಸ್ತ್ರವನ್ನು ಯಾರೂ ಮರೆಯುವುದಿಲ್ಲ. ನಾನು ಬಾಗಿದೆ. ನನ್ನ ಎರಡೆಳೆಯ ಸರವೂ ನನ್ನ ಜೊತೆ ಬಾಗಿ ತೊಟ್ಟಿಲೊಳಗೆ ಇಳಿಯಿತು. ಕೂಸಿಗೆ ಖುಷಿಯಾಯಿತು, ಒಂದು ಎಳೆಯನ್ನು ಗಪ್ಪನೆ ಹಿಡಿದುಕೊಂಡಿತು. ನಾನು ಕುರ್ರ್ ಎಂದೆ. ಹಿಂದಿನಿಂದ ಗುದ್ದುಗಳು ಬಿದ್ದವು. ಉಳಿದವರದು ಶಾಸ್ತ್ರದ ಗುದ್ದು. ಗಂಗೂಬಾಯಿಯವರದು ಮಾತ್ರ ಎಮ್ಮೆ ಕಟ್ಟಿದ ಕೈಯ ಗುದ್ದು. ನನ್ನ ಎಲ್ಲ ಉಪದೇಶಗಳಿಗೆ ಅವರು ಅಂದ ಹ್ಞೂಂಕಾರಗಳು ಒಟ್ಟಿಗೆ ಅದರಲ್ಲಿದ್ದವು. ನಾನು ಮುಗ್ಗರಿಸಿದೆ, ಸರದ ಎಳೆ ಹರಿಯಿತು, ನಾನು ಕೈಯಾಡಿಸಿ ನೋಡಿ ಪಾಸು ಮಾಡಿದ್ದ ತೊಟ್ಟಿಲಲ್ಲಿ ಕೂಸಿನ ಮೈಮೇಲೆ, ಮುಖದ ಮೇಲೆ ಮುತ್ತುಗಳು ಪಟಪಟ ಸುರಿದವು.

ಕೂಸಿನ ಬಾಯಿ ಅಗಲವಾಗಿ ತೆರೆದಿತ್ತು. ಅದು ನಗುತ್ತಿತ್ತು. ನನಗೆ ಕಂಡದ್ದು ಆ ಬಾಯಿ ಮತ್ತು ಅದರ ಪಕ್ಕದಲ್ಲೇ ಉರುಳುತ್ತಿದ್ದ ಒಂದು ಮುತ್ತು, ಅಷ್ಟೇ. ಹೆಸರು ಮರೆತುಹೋಯಿತು, ಮಂದಿ ಮರೆತುಹೋದರು. “ನುಂಗಬ್ಯಾಡೋ! ನುಂಗಬ್ಯಾಡೋ ಯಪ್ಪಾ, ನುಂಗಬ್ಯಾಡ!” ಎಂದು ಅದರ ಕಿವಿಯಲ್ಲೇ ಜೋರಾಗಿ ಚೀರಿದೆ. ಕವಿತಾ ನುಗ್ಗಿ ಬಂದು ಕೂಸನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು. ಬಾಯಲ್ಲಿ ಗುಲಾಬಿ ವಸಡು ಬಿಟ್ಟರೆ ಏನೂ ಇರಲಿಲ್ಲ. ಬಿಗಿದಿದ್ದ ಮುಷ್ಟಿ ಬಿಚ್ಚಿದರೆ ಒಳಗೆ ಒಂದು ಮುತ್ತು. ಹೆಂಗಸರೆಲ್ಲ ಸೆರಗು ಕಟ್ಟಿ ನೆಲದ ಮೇಲೆ ಕೂತು ಆರಿಸತೊಡಗಿದರು. ಗಂಗೂಬಾಯಿ ಹಾಸಿಗೆ, ಕುಂಚಿಗೆ, ಕೂಸಿನ ಅಂಗಿ ಎಲ್ಲ ಕೊಡವಿದರು. ಹರಿಯದೆ ಉಳಿದಿದ್ದ ಇನ್ನೊಂದು ಎಳೆಯನ್ನು ಚಾಪೆಯ ಮೇಲೆ ಚಾಚಿ, ಆರಿಸಿದ ಮುತ್ತುಗಳನ್ನು ಅದರ ಪಕ್ಕ ಸಾಲಾಗಿ ಜೋಡಿಸಿ, ಎರಡೂ ಸಮವಾದದ್ದನ್ನು ನೋಡಿದ ಮೇಲೆಯೇ ಎಲ್ಲರೂ ಉಸಿರು ಬಿಟ್ಟರು. ನಾನು ಕಂಬಕ್ಕೊರಗಿ ಕೂತು ಗಳಗಳ ಅತ್ತುಬಿಟ್ಟೆ. ಗೊತ್ತಿಲ್ಲದ ದೇಶದ ಗೊತ್ತಿಲ್ಲದವರಿಗಾಗಿ ದಿನಾ ಮೈಮೇಲಿನ ಪಿನ್ನು ಕೂಡ ತೆಗೆದಿಟ್ಟು ಒಳಗೆ ಹೋಗುವವಳು, ಸ್ವಂತ ತಮ್ಮನ ಕೂಸಿನ ತೊಟ್ಟಿಲಿಗೆ ಇಡೀ ಅಂಗಡಿಯನ್ನೇ ಹೇರಿಕೊಂಡು ಬಾಗಿದ್ದೆನಲ್ಲ!

ನಮ್ಮವರು ಅಲ್ಲಿಯೂ ಬಿಡಲಿಲ್ಲ. ನನ್ನ ಚೀಲದಿಂದ ನಳಿಗೆ ತೆಗೆದು ಒಂದೊಂದೇ ಮುತ್ತನ್ನು ಅದರಲ್ಲಿ ಹಾಕಿ ಕೆಳಗೆ ಅಂಗೈ ಹಿಡಿದು, “ಫೇಲ, ಇದೂ ಫೇಲ, ಇದೂ ಫೇಲ,” ಎನ್ನುತ್ತ ಕೂತರು. ಗುಂಪಿನಲ್ಲಿ ಯಾರೋ ಹಿರಿಯಾಕೆ, “ಅವ್ರ ಅಳೂದು ನಿಲ್ಲೂಹಂಗ ಕಾಣಂಗಿಲ್ಲ. ಬ್ಯಾರೆ ಯಾರರೆ ಹೆಸರ ಹೇಳ್ರಿ, ಹೊತ್ತಾತು,” ಎಂದಳು. ಹೌದು, ಹೇಳಲಿ, ನನಗೆಲ್ಲಿದೆ ಯೋಗ್ಯತೆ ಎಂದುಕೊಂಡು ತಲೆ ತಗ್ಗಿಸಿದೆ. ಮಲ್ಲಿನಾಥ, “ನಮ್ಮಕ್ಕನ ಹೇಳ್ಬೇಕ್ರಿ. ಬ್ಯಾರೆ ಯಾರ್ ಅದಾರ?” ಎಂದ. ಎಲ್ಲರೂ ಗಂಗೂಬಾಯಿಯವರ ಮುಖ ನೋಡಿದರು, ಮನೆ ಅವರದು. ಅವರು ನಮ್ಮವರ ಕೈಯಿಂದ ನಳಿಗೆ ಇಸಿದುಕೊಂಡು ನನ್ನ ಮುಂದೆ ಬಂದು ಕೂತರು. “ಅವರ ಹೇಳ್ಲಿ. ಆದ್ರ ಮೊದ್ಲ ಅತ್ತೀನ್ನ ಈ ನಳಗಿಯಾಗ ಹಾಕಿ ನೋಡ್ರಿ, ತೂರ್ತಾರೇನು?” ಎಂದು ನನ್ನ ಗಾತ್ರವನ್ನೊಮ್ಮೆ, ನಳಿಗೆಯನ್ನೊಮ್ಮೆ ನೋಡಿದರು. “ಇಲ್ಲ ತಗೋರಿ, ಪಾಸ ಆದ್ರು. ಏಳ್ರಿ ಬಾಯಾರ, ಅಳಬ್ಯಾಡ್ರಿ. ನಾನೂ ಗುದ್ದೂದು ಸ್ವಲ್ಪ ಹೆಚ್ಚ ಗುದ್ದಿದೆ.” ಅಳುತ್ತಲೇ ನಕ್ಕುಬಿಟ್ಟೆ.

ಕಾರ್ಖಾನೆಯ ಬಾಗಿಲಲ್ಲಿ ಮಾಡುವಂತೆ ಅಲ್ಲೇ ಪಿನ್ನು, ಕ್ಲಿಪ್ಪು, ಬಳೆ, ಉಂಗುರ ಎಲ್ಲ ತೆಗೆದು ಗಂಗೂಬಾಯಿಯವರ ತಾಟಿನಲ್ಲಿಟ್ಟೆ. ತಾಳಿಯನ್ನು ರವಿಕೆಯೊಳಗೆ ಸೇರಿಸಿದೆ, ಸೆರಗನ್ನು ಸೊಂಟಕ್ಕೆ ಬಿಗಿದೆ. ತುರುಬು ಬಿಚ್ಚಿ ಬೆನ್ನ ಮೇಲೆ ಬಿತ್ತು. ಬೆಳಗ್ಗೆ ಮದುಮಗಳಂತೆ ಬಂದವಳು ಬಟ್ಟೆ ಒಗೆಯಲು ನಿಂತವಳಂತಾದೆ. ಎರಡನೆಯ ಸಲ ಬಾಗಿ, ಕುರ್ರ್ ಎಂದು, “ಸಮರ್ಥ” ಎಂದು ಹೆಸರು ಹೇಳಿದೆ. ಈ ಸಲ ಬೆನ್ನ ಮೇಲೆ ಬಿದ್ದ ಗಂಗೂಬಾಯಿಯವರ ಕೈ ಗುದ್ದಲಿಲ್ಲ, ಮೆಲ್ಲಗೆ ತಟ್ಟಿತು. ಗುಗ್ಗರಿ ಹಂಚಿದರು. ಇಷ್ಟು ರುಚಿಯಾದ ಗುಗ್ಗರಿಯನ್ನು ನಾನು ಮತ್ತೆಲ್ಲೂ ತಿಂದಿಲ್ಲ.

ಆದರೆ ಶಾಸ್ತ್ರವೆಂದರೆ ಶಾಸ್ತ್ರ. ಕುರ್ರ್ ಅಂದ ಮೇಲೆ ಅತ್ತೆ ಕಿವಿಯಲ್ಲಿ ಮೊದಲು ಏನು ಹೇಳುತ್ತಾಳೋ ಅದೇ ಹೆಸರು ಎಂದು ಅಕ್ಕಲಕೋಟೆಯ ಆ ಓಣಿಯ ಹೆಂಗಸರು ಊಟಕ್ಕೆ ಕೂತಾಗಲೇ ತೀರ್ಮಾನಿಸಿಬಿಟ್ಟರು. ಕೂಸು ಈಗ ಸೊಲ್ಲಾಪುರಕ್ಕೆ ಬಂದಿದೆ, ತಪ್ಪುಹೆಜ್ಜೆ ಹಾಕುತ್ತ ಮನೆಯೆಲ್ಲ ತಿರುಗುತ್ತದೆ. ಕಾಗದದಲ್ಲಿ ಸಮರ್ಥ, ಬಾಯಲ್ಲಿ ಮಾತ್ರ ಎಲ್ಲರಿಗೂ ಅವನು ನುಂಗಬ್ಯಾಡ. ಗಂಗೂಬಾಯಿ ಫೋನ್ ಮಾಡಿದರೆ, “ನಮ್ಮ ನುಂಗಬ್ಯಾಡ ಏನ್ ಮಾಡಾಕತ್ಯಾನ್ರಿ?” ಎಂದೇ ಕೇಳುತ್ತಾರೆ. ಇದರಿಂದಾದ ಕೇಡನ್ನು ಯಾರಿಗೆ ಹೇಳಲಿ? ಮೊನ್ನೆ ಅವನು ಎಲ್ಲಿಂದಲೋ ಒಂದು ಬಟಾಣಿ ಹೆಕ್ಕಿ ಬಾಯಿಗೆ ಇಟ್ಟುಕೊಳ್ಳುವಾಗ ನಾನು “ನುಂಗಬ್ಯಾಡ!” ಎಂದು ಕೂಗಿದೆ. ಉಗುಳಲಿಲ್ಲ. ಅತ್ತೆ ತನ್ನನ್ನು ಹೆಸರು ಹಿಡಿದು ಕರೆದಳೆಂದು ಕಿಲಕಿಲ ನಗುತ್ತ ನನ್ನ ಕಡೆಗೇ ಓಡಿಬಂದ. ಹಾಗೆ ನಕ್ಕಿದ್ದಕ್ಕೆ ಬಟಾಣಿ ತಾನೇ ಹೊರಗೆ ಬಿತ್ತು, ನನ್ನ ಪುಣ್ಯ.

ನವಿ ಪೇಟೆಯ ಮರದ ಉಂಗುರವನ್ನು ಅವನು ಮುಟ್ಟಲಿಲ್ಲ. ಅದರ ಮೇಲೆ ಈಗ ಖರೇನೇ ಕೊಡ ಇಟ್ಟಿದ್ದಾರೆ. ಅವನಿಗೆ ಬೇಕಾದದ್ದು ಅತ್ತೆಯೇ. ರವಿವಾರ ನಾನು ಹೋದೆನೆಂದರೆ ಒಳಗಿನಿಂದಲೇ ಎರಡೂ ಕೈ ಚಾಚುತ್ತಾನೆ. ಆದರೆ ಕವಿತಾ ನನ್ನನ್ನು ಹೊಸ್ತಿಲ ಆಚೆಯೇ ನಿಲ್ಲಿಸುತ್ತಾಳೆ. ಬಾಗಿಲ ಪಕ್ಕ ಒಂದು ಡಬ್ಬಿ ಇಟ್ಟಿದ್ದಾಳೆ. ಪಿನ್ನು, ಕ್ಲಿಪ್ಪು, ಬಳೆ, ಚಷ್ಮಾ ಎಲ್ಲ ಅದರಲ್ಲಿ ಹಾಕಿ ನಿಂತರೆ, ಮುಂದೆ ನೋಡುತ್ತಾಳೆ, ತಿರುಗಿಸಿ ಹಿಂದೆ ನೋಡುತ್ತಾಳೆ, ಸೆರಗಿನ ಅಂಚು ಎಳೆದು ನೋಡುತ್ತಾಳೆ. ಕೊನೆಗೆ, “ಹೋಗ್ರಿ ಅಕ್ಕಾರ ಒಳಗ. ಸೆಕೆಂಡ್ಸ್ ಮಾಲ ಇದ್ರೂ ಮನೀ ಬಳಕಿಗಿ ನಡೀತದ,” ಎಂದು ಕೂಸನ್ನು ನನ್ನ ಕೈಗೆ ಕೊಡುತ್ತಾಳೆ. ನಿಜ ಹೇಳಬೇಕೆಂದರೆ ಈ ಹುಡುಗಿಗೆ ತಪಾಸಣೆಯ ಕೆಲಸ ಬರುವುದಿಲ್ಲ. ನಾನಾಗಿದ್ದರೆ ನನ್ನನ್ನು ಇಷ್ಟು ಸುಲಭಕ್ಕೆ ಒಳಗೆ ಬಿಡುತ್ತಿರಲಿಲ್ಲ.